ಪಾಲಿಯೆಸ್ಟರ್ ಬಟ್ಟೆಗೆ ಮನೆಯಲ್ಲೇ ಬಣ್ಣ ಹಾಕುವುದು ಹೇಗೆ

ಅಂಗಡಿಯಿಂದ ಬಣ್ಣದ ಪೊಟ್ಟಣ ತಂದು, ಬಿಸಿನೀರಿಗೆ ಉಪ್ಪು ಹಾಕಿ, ಜಾರ್ಜೆಟ್ ದುಪಟ್ಟಾ ರಾತ್ರಿಯಿಡೀ ನೆನೆಸಿಟ್ಟು, ಬೆಳಿಗ್ಗೆ ತೊಳೆದರೆ ಬಣ್ಣವೆಲ್ಲ ಬಚ್ಚಲಿಗೆ ಹರಿದುಹೋಗಿ ದುಪಟ್ಟಾ ಮೊದಲಿನ ಹಾಗೇ ಬೆಳ್ಳಗೆ ಉಳಿಯಿತು ಅಂತ ಬೇಜಾರು ಮಾಡಿಕೊಂಡವರು ತುಂಬ ಜನ ಇದ್ದಾರೆ. ತಪ್ಪು ಅವರದ್ದಲ್ಲ. ಆ ಪೊಟ್ಟಣದ ಬಣ್ಣ ಹತ್ತಿಗೆ ಅಂತ ಮಾಡಿದ್ದು. ಎಷ್ಟು ಉಪ್ಪು ಸುರಿದರೂ, ಎಷ್ಟು ಹೊತ್ತು ನೆನೆಸಿದರೂ ಅದು ಪಾಲಿಯೆಸ್ಟರ್‌ಗೆ ಹಿಡಿಯುವುದಿಲ್ಲ.

ಯಾಕೆ ಅಂತ ಗೊತ್ತಾದರೆ ಮುಂದಿನ ಕೆಲಸ ಸುಲಭ. ಹತ್ತಿ ನೀರು ಕುಡಿಯುತ್ತದೆ. ಸುಮ್ನೆ ಗಾಳಿಗೆ ಇಟ್ಟರೂ 100 ಗ್ರಾಂ ಹತ್ತಿ ಸುಮಾರು 8 ಗ್ರಾಂ ತೇವ ಹೀರಿಕೊಂಡಿರುತ್ತದೆ. ಅಷ್ಟೇ ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಹೀರುವುದಿಲ್ಲ. ಹತ್ತಿಯ ಬಣ್ಣ ನೀರಿನಲ್ಲಿ ಕರಗಿ, ನೀರಿನ ಜೊತೆಗೇ ಎಳೆಯೊಳಗೆ ಹೋಗುತ್ತದೆ. ನೀರೇ ನುಗ್ಗದ ಕಡೆ ಆ ಬಣ್ಣ ಹೋಗುವುದು ಎಲ್ಲಿಂದ? ಅದಕ್ಕೇ ಪಾಲಿಯೆಸ್ಟರ್‌ಗೆ ಬೇರೆ ಜಾತಿಯ ಬಣ್ಣ ಬೇಕು. ಅದರ ಹೆಸರು ಡಿಸ್ಪರ್ಸ್ ಡೈ. ಇದು ನೀರಿನಲ್ಲಿ ಕರಗುವುದು ತೀರಾ ಕಡಿಮೆ, ನುಣ್ಣನೆಯ ಪುಡಿಯಾಗಿ ನೀರಿನಲ್ಲಿ ತೇಲಾಡಿಕೊಂಡಿರುತ್ತದೆ. 1920ರ ದಶಕದಲ್ಲಿ ಅಸಿಟೇಟ್ ಅನ್ನುವ ಹೊಸ ನೂಲಿಗೆ ಹಳೆಯ ಬಣ್ಣಗಳು ಸರಿಯಾಗಿ ಹಿಡಿಯದೆ ಗಿರಣಿಗಳು ಒದ್ದಾಡುತ್ತಿದ್ದಾಗ ಹುಟ್ಟಿದ ಬಣ್ಣಗಳು ಇವು. 1941ರಲ್ಲಿ ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಪಾಲಿಯೆಸ್ಟರ್ ನೂಲಿಗೆ ಪೇಟೆಂಟ್ ಅರ್ಜಿ ಹಾಕಿದರು. ಮುಂದೆ ಆ ನೂಲಿಗೂ ಇವೇ ಕೈ ಹಿಡಿದವು.

ಎರಡನೇ ವಿಷಯ ಬಿಸಿ. ತಣ್ಣಗಿರುವಾಗ ಪಾಲಿಯೆಸ್ಟರ್ ಎಳೆ ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ. 70-80 ಡಿಗ್ರಿ ದಾಟಿದ ಮೇಲೆ ಒಳಗಿನ ಜೋಡಣೆ ಸಡಿಲವಾಗಲು ಶುರುವಾಗುತ್ತದೆ, ಬಣ್ಣದ ಕಣ ಒಳಗೆ ಜಾರುತ್ತದೆ. ಬಿಸಿ ಏರಿದಷ್ಟೂ ಬಣ್ಣ ಚೆನ್ನಾಗಿ ಹೋಗುತ್ತದೆ. ಸೂರತ್‌ನಂಥ ಕಡೆ ಡೈಯಿಂಗ್ ಗಿರಣಿಗಳಲ್ಲಿ ಮುಚ್ಚಿದ ಮೆಷಿನ್ ಒಳಗೆ ಒತ್ತಡ ಕೊಟ್ಟು ನೀರನ್ನು 130 ಡಿಗ್ರಿವರೆಗೆ ಕಾಯಿಸುತ್ತಾರೆ. ಮನೆಯ ಪಾತ್ರೆಯಲ್ಲಿ ಅದು ಆಗದ ಮಾತು. ಸಮುದ್ರದ ಪಕ್ಕದ ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ, ಬೆಂಗಳೂರು 900 ಮೀಟರ್ ಮೇಲಿದೆ, ಇಲ್ಲಿ 97ಕ್ಕೇ ಕುದಿಯಲು ಶುರು. ಅಡುಗೆಗೆ ಈ 3 ಡಿಗ್ರಿ ದೊಡ್ಡ ವಿಷಯವಲ್ಲ. ಪಾಲಿಯೆಸ್ಟರ್‌ಗೆ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರಿನವರು ಪಾತ್ರೆಗೆ ಮುಚ್ಚಳ ಹಾಕಿ, ಪೊಟ್ಟಣದ ಮೇಲೆ ಬರೆದಿರುವುದಕ್ಕಿಂತ 15-20 ನಿಮಿಷ ಜಾಸ್ತಿ ಇಡಿ.

ಹಾಗಾದರೆ ಪ್ರೆಷರ್ ಕುಕ್ಕರ್‌ನಲ್ಲಿ ಹಾಕಬಹುದಲ್ವಾ ಅಂತ ಕೇಳುತ್ತೀರಿ. ಬೇಡ. ಕುಕ್ಕರ್ ಒಳಗೆ 120 ಡಿಗ್ರಿ ಬರುತ್ತದೆ ಅನ್ನುವುದು ನಿಜ, ಆದರೆ ಬಟ್ಟೆ ಉಬ್ಬಿ ಮೇಲೆದ್ದು ಹಬೆಯ ದಾರಿ ಮುಚ್ಚಿದರೆ ಅಪಾಯ. ಒಳಗೆ ಕೈಯಾಡಿಸಲೂ ಆಗುವುದಿಲ್ಲ, ಬಣ್ಣ ಕಲೆಕಲೆಯಾಗಿ ಕೂರುತ್ತದೆ. ಮನೆಯಲ್ಲಿ ತಿಳಿ ಬಣ್ಣ, ಮಧ್ಯಮ ಬಣ್ಣ ತುಂಬ ಚೆನ್ನಾಗಿ ಬರುತ್ತವೆ. ಕಡು ಕಪ್ಪು, ಕಡು ನೀಲಿ ಕಷ್ಟ. ಅದೇ ಬೇಕು ಅಂದರೆ ಡೈಯಿಂಗ್ ಮಾಡುವವರ ಹತ್ತಿರ ಕೊಡುವುದೇ ಒಳ್ಳೆಯದು.

ಮೊದಲು ಬಟ್ಟೆ ಯಾವುದು ಅಂತ ತಿಳಿಯಿರಿ

ಹತ್ತರಲ್ಲಿ ಒಂಬತ್ತು ಸಲ ಕೆಲಸ ಕೆಡುವುದು ಇಲ್ಲೇ. ಲೇಬಲ್ ಇದ್ದರೆ ಓದಿ, ಇಲ್ಲದಿದ್ದರೆ ಅಂಗಡಿಯವರ ಮಾತಿನ ಮೇಲೆ ಹೋಗಬೇಡಿ. ಜಾರ್ಜೆಟ್, ಶಿಫಾನ್, ಕ್ರೇಪ್, ಸ್ಯಾಟಿನ್ ಇವೆಲ್ಲ ನೇಯ್ಗೆಯ ಹೆಸರು, ನೂಲಿನ ಹೆಸರಲ್ಲ. ರೇಷ್ಮೆಯಲ್ಲೂ ಜಾರ್ಜೆಟ್ ಇದೆ, ಪಾಲಿಯೆಸ್ಟರ್‌ನಲ್ಲೂ ಇದೆ, ಕಡಿಮೆ ಬೆಲೆಗೆ ಸಿಗುವುದು ಹೆಚ್ಚಾಗಿ ಪಾಲಿಯೆಸ್ಟರ್. ಇನ್ನು ಆರ್ಟ್ ಸಿಲ್ಕ್ ಅಂದರೆ ಪೂರಾ ಗೊಂದಲ. ಕೆಲವು ಕಡೆ ಅದು ರೇಯಾನ್, ಕೆಲವು ಕಡೆ ಪಾಲಿಯೆಸ್ಟರ್. ರೇಯಾನ್ ಆದರೆ ಹತ್ತಿಯ ಬಣ್ಣವೇ ಸಾಕು, ಅದು ಮರದ ತಿರುಳಿನಿಂದ ಬಂದದ್ದು, ಹತ್ತಿಯ ಹಾಗೇ ನಡೆದುಕೊಳ್ಳುತ್ತದೆ. ಇಳಕಲ್ ಸೀರೆ ಇಟ್ಟುಕೊಂಡವರು ಇನ್ನೂ ಹುಷಾರಾಗಿರಬೇಕು. ಒಡಲು ಹತ್ತಿ, ಸೆರಗು ರೇಷ್ಮೆ ಅಥವಾ ಆರ್ಟ್ ಸಿಲ್ಕ್ ಇರಬಹುದು, ಒಂದೇ ಸೀರೆಯಲ್ಲಿ ಎರಡು ಜಾತಿಯ ನೂಲು. ನನ್ನ ಮಾತು ಕೇಳುವುದಾದರೆ ಕೈಮಗ್ಗದ ಸೀರೆಯನ್ನು ಬಣ್ಣದ ಪಾತ್ರೆಗೆ ಹಾಕಲೇಬೇಡಿ.

ಪರೀಕ್ಷೆಗೆ ಒಳಹೊಲಿಗೆಯ ಕಡೆಯಿಂದ ನಾಲ್ಕೈದು ಎಳೆ ಕಿತ್ತುಕೊಳ್ಳಿ. ಸಿಂಕ್ ಪಕ್ಕ ನಿಂತು, ಹಳೆಯ ಚಿಮಟದಲ್ಲಿ ಹಿಡಿದು, ಮೇಣದ ಬತ್ತಿಯ ಹತ್ತಿರ ನಿಧಾನವಾಗಿ ತನ್ನಿ. ಪಕ್ಕದಲ್ಲಿ ಒಂದು ಬಟ್ಟಲು ನೀರು ಇರಲಿ, ಮಕ್ಕಳು ದೂರ ಇರಲಿ. ಹತ್ತಿ, ರೇಯಾನ್ ಆದರೆ ಬೇಗ ಹೊತ್ತಿ ಕಾಗದ ಸುಟ್ಟ ವಾಸನೆ ಬರುತ್ತದೆ, ಉಳಿಯುವುದು ಮೆತ್ತನೆಯ ಬೂದಿ. ರೇಷ್ಮೆ, ಉಣ್ಣೆ ಆದರೆ ಕೂದಲು ಸುಟ್ಟ ವಾಸನೆ, ತುದಿಯ ಕಪ್ಪು ಗಂಟು ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಬೇರೆ ಥರ. ಬೆಂಕಿ ಮುಟ್ಟುವ ಮೊದಲೇ ಎಳೆ ಹಿಂದಕ್ಕೆ ಸುರುಳಿಕೊಳ್ಳುತ್ತದೆ, ಕರಗಿ ಕಪ್ಪು ಹೊಗೆ ಬಿಡುತ್ತದೆ, ಆರಿದ ಮೇಲೆ ತುದಿಯಲ್ಲಿ ಗಟ್ಟಿ ಮಣಿ ಉಳಿಯುತ್ತದೆ, ಅದನ್ನು ಉಗುರಲ್ಲಿ ಒತ್ತಿದರೂ ಒಡೆಯುವುದಿಲ್ಲ. ಆ ಮಣಿ ಪೂರ್ತಿ ಆರುವವರೆಗೆ ಮುಟ್ಟಬೇಡಿ, ಚರ್ಮಕ್ಕೆ ಅಂಟಿಕೊಂಡರೆ ಬೊಬ್ಬೆ ಬರುತ್ತದೆ. ನೈಲಾನ್ ಕೂಡ ಹೀಗೇ ಕರಗುತ್ತದೆ, ಆದರೆ ಹೊಗೆ ಕಡಿಮೆ. ಅಕ್ರಿಲಿಕ್ ಧಗಧಗ ಉರಿಯುತ್ತದೆ. ಅಸಿಟೇಟ್ ಇರಬಹುದು ಅನ್ನಿಸಿದರೆ ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ಒಂದು ಹನಿ ಎಳೆಯ ಮೇಲೆ ಬಿಡಿ, ಅಸಿಟೇಟ್ ಆದರೆ ಕರಗುತ್ತದೆ.

ಕರಗಿ ಗಟ್ಟಿ ಮಣಿ ಆಗುವುದರ ಜೊತೆಗೆ ಒಂದಿಷ್ಟು ಬೂದಿಯೂ ಬಂದರೆ ಅದು ಮಿಶ್ರ ಬಟ್ಟೆ. ಶರ್ಟಿನ ಪಾಲಿ-ಕಾಟನ್‌ನಲ್ಲಿ ಡಿಸ್ಪರ್ಸ್ ಡೈ ಪಾಲಿಯೆಸ್ಟರ್ ಎಳೆಗೆ ಮಾತ್ರ ಹಿಡಿಯುತ್ತದೆ, ಹತ್ತಿ ಎಳೆ ಹೆಚ್ಚು ಕಡಿಮೆ ಬೆಳ್ಳಗೇ ಉಳಿಯುತ್ತದೆ, ಒಟ್ಟಾರೆ ಮಾಸಲು ಬಣ್ಣ ಕಾಣುತ್ತದೆ. ಕೆಲವರಿಗೆ ಅದೇ ಇಷ್ಟ. ಪೂರ್ತಿ ಬಣ್ಣ ಬೇಕಾದರೆ ಮೊದಲು ಪಾಲಿಯೆಸ್ಟರ್‌ಗೆ ಕುದಿಸಿ ಹಾಕಿ, ತೊಳೆದು, ಆಮೇಲೆ ಹತ್ತಿಗೆ ಬೇರೆ ಬಣ್ಣ ಹಾಕಬೇಕು. ಈ ಕ್ರಮ ತಿರುವು ಮುರುವು ಮಾಡಬೇಡಿ, ಪಾಲಿಯೆಸ್ಟರ್ ಬಣ್ಣಕ್ಕೆ ವಿನೆಗರ್ ಹಾಕಿದ ಹುಳಿ ನೀರು ಬೇಕು, ಅದರಲ್ಲಿ ಅಷ್ಟು ಹೊತ್ತು ಕುದಿದರೆ ಹತ್ತಿಯ ಬಣ್ಣ ಬಿಟ್ಟುಕೊಳ್ಳುತ್ತದೆ.

ಲೈಕ್ರಾ ಇರುವ ಲೆಗ್ಗಿಂಗ್ಸ್, ಈಜುಡುಗೆ ಇವನ್ನು ಬಿಟ್ಟುಬಿಡಿ. ಗಂಟೆಗಟ್ಟಲೆ ಕುದಿಸಿದರೆ ಅವುಗಳ ಎಳೆತ ಸಡಿಲವಾಗುತ್ತದೆ. ಜರಿ ಇರುವುದೂ ಬೇಡ. ಈಗಿನ ಸಾದಾ ಜರಿಯೆಲ್ಲ ಪ್ಲಾಸ್ಟಿಕ್ ಹಾಳೆಯ ಮೇಲೆ ಲೋಹದ ಲೇಪ, ಹುಳಿ ನೀರಿನ ಕುದಿತಕ್ಕೆ ಮಂಕಾಗುತ್ತದೆ. ಡ್ರೈ ಕ್ಲೀನ್ ಮಾತ್ರ ಅಂತ ಬರೆದಿದ್ದರೆ ಅದನ್ನೂ ಮುಟ್ಟಬೇಡಿ. ಹೊಲಿದ ಬಟ್ಟೆಯಾದರೆ ದಾರದ ಕಡೆಗೂ ಗಮನ ಇರಲಿ. ಪಾಲಿಯೆಸ್ಟರ್ ಚೂಡಿದಾರಕ್ಕೆ ಹತ್ತಿ ದಾರದಲ್ಲಿ ಹೊಲಿದಿದ್ದರೆ ಬಣ್ಣ ಹಾಕಿದ ಮೇಲೆ ಹೊಲಿಗೆ ಬೆಳ್ಳಗೆ ಎದ್ದು ಕಾಣುತ್ತದೆ.

ಏನೇನು ಬೇಕು

ಸ್ಟೀಲ್ ಪಾತ್ರೆ, ದೊಡ್ಡದು. ಬಟ್ಟೆ ಸಲೀಸಾಗಿ ತೇಲಾಡುವಷ್ಟು ಜಾಗ ಬೇಕು. ಅಲ್ಯೂಮಿನಿಯಂ ಬೇಡ, ಹುಳಿಗೆ ಅದು ಸವೆಯುತ್ತದೆ. ಒಮ್ಮೆ ಬಣ್ಣಕ್ಕೆ ಬಳಸಿದ ಪಾತ್ರೆ, ಸೌಟು, ಇಕ್ಕಳ ಮತ್ತೆ ಅಡುಗೆಮನೆಗೆ ಬರಬಾರದು, ಈ ವಿಷಯದಲ್ಲಿ ರಾಜಿ ಬೇಡ. ಥರ್ಮಾಮೀಟರ್, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಬಿಳಿ ವಿನೆಗರ್, ಪಿಎಚ್ ಪಟ್ಟಿ (ನೀರು ಎಷ್ಟು ಹುಳಿ ಅಂತ ತೋರಿಸುವ ಕಾಗದ), ರಬ್ಬರ್ ಗ್ಲೌಸ್, ಮಾಸ್ಕ್.

ಬಣ್ಣಕ್ಕೆ ಎರಡು ದಾರಿ. ರಿಟ್ ಡೈಮೋರ್, ಐಡೈ ಪಾಲಿ ಥರದ ರೆಡಿ ಬಣ್ಣಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ, ಬೆಲೆ ಜಾಸ್ತಿ, ಆದರೆ ಹೊಸಬರಿಗೆ ಸಲೀಸು. ರಿಟ್‌ನ ಮಾಮೂಲಿ ಬಣ್ಣ ಬೇರೆ, ಡೈಮೋರ್ ಬೇರೆ, ತರಿಸುವಾಗ ಹೆಸರು ನೋಡಿಕೊಳ್ಳಿ. ಇನ್ನೊಂದು ದಾರಿ ಬಣ್ಣ, ಕೆಮಿಕಲ್ ಮಾರುವ ಅಂಗಡಿಯಲ್ಲಿ ಡಿಸ್ಪರ್ಸ್ ಡೈ ಪುಡಿ ಅಂತಲೇ ಕೇಳುವುದು. ಹಾಗೆ ಕೊಳ್ಳುವಾಗ ಪೂರ್ತಿ ಹೆಸರು ಮತ್ತು ನಂಬರ್ ಬರೆಸಿಕೊಳ್ಳಿ. ಡಿಸ್ಪರ್ಸ್ ಬ್ಲೂ 106 ಮತ್ತು 124 ಅನ್ನುವವು ಚರ್ಮಕ್ಕೆ ಅಲರ್ಜಿ ತರುತ್ತವೆ ಅಂತ ಚರ್ಮರೋಗದ ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಬಣ್ಣಗಳು. ಬೆವರುವ ಮೈಗೆ ಅಂಟಿಕೊಳ್ಳುವ ಬಟ್ಟೆಗೆ ಅವನ್ನು ಹಾಕಬೇಡಿ. ಹೆಸರೇ ಹೇಳದ ಪುಡಿ ಎಷ್ಟೇ ಅಗ್ಗ ಇದ್ದರೂ ಬೇಡ.

ಕೆಲವು ಪೊಟ್ಟಣದ ಜೊತೆ ಒಂದು ಸಣ್ಣ ಪಾಕೀಟು ದ್ರವ ಬರುತ್ತದೆ, ಐಡೈ ಪಾಲಿಯಲ್ಲೂ ಇದೆ. ಅದು ಎಳೆಯನ್ನು ಉಬ್ಬಿಸಿ ಕಡಿಮೆ ಬಿಸಿಯಲ್ಲೇ ಬಣ್ಣ ಒಳಗೆ ಹೋಗುವಂತೆ ಮಾಡುತ್ತದೆ. ಡೈಯಿಂಗ್‌ನವರು ಇಂಥದ್ದಕ್ಕೆ ಕ್ಯಾರಿಯರ್ ಅನ್ನುತ್ತಾರೆ. ಡಾರ್ಕ್ ಬಣ್ಣಕ್ಕೆ ಇದು ಬೇಕೇ ಬೇಕು. ವಾಸನೆ ಘಾಟು, ಕಿಟಕಿ ಎಲ್ಲ ತೆಗೆದಿಡಿ, ಆದರೆ ಹೊರಗೆ ಅಂಗಳದಲ್ಲಿ ಒಲೆ ಹಚ್ಚಿಕೊಳ್ಳುವುದು ಇನ್ನೂ ವಾಸಿ. ತಿಳಿ ಬಣ್ಣಕ್ಕೆ ಇದಿಲ್ಲದೆಯೂ ನಡೆಯುತ್ತದೆ.

ಉಪ್ಪಿಗೆ ಇಲ್ಲಿ ಕೆಲಸವೇ ಇಲ್ಲ. ಹಾಕಬೇಡಿ.

ತೂಕ, ನೀರು, ಹುಳಿ

ಬಣ್ಣವನ್ನು ಚಮಚದ ಲೆಕ್ಕದಲ್ಲಿ ಹಾಕಿದರೆ ಇವತ್ತು ಬಂದ ಬಣ್ಣ ನಾಳೆ ಬರುವುದಿಲ್ಲ. ಒಣ ಬಟ್ಟೆಯ ತೂಕದ ಮೇಲೆ ಲೆಕ್ಕ ಹಾಕಿ. ತಿಳಿ ಬಣ್ಣಕ್ಕೆ ತೂಕದ ಅರ್ಧ ಶೇಕಡಾ, ಮಧ್ಯಮಕ್ಕೆ 1 ರಿಂದ 2, ಡಾರ್ಕ್‌ಗೆ 3-4 ಶೇಕಡಾ. ದುಪಟ್ಟಾ 200 ಗ್ರಾಂ ಇದೆ, ಮಧ್ಯಮ ಗುಲಾಬಿ ಬೇಕು ಅಂದುಕೊಳ್ಳಿ. 1 ಶೇಕಡಾ ಅಂದರೆ 2 ಗ್ರಾಂ ಪುಡಿ. ನೀರು ಬಟ್ಟೆಯ ತೂಕದ 30 ಪಟ್ಟು, ಅಂದರೆ 6 ಲೀಟರ್. ಮೈಕ್ರೋಫೈಬರ್ ಆದರೆ ಬಣ್ಣ ಸ್ವಲ್ಪ ಜಾಸ್ತಿ ಬೇಕು. ಎಳೆ ಸಣ್ಣದಾದಷ್ಟೂ ಹೊರಮೈ ಹೆಚ್ಚು, ಅಷ್ಟೇ ಪುಡಿ ಹಾಕಿದರೆ ಪೇಲವವಾಗಿ ಕಾಣುತ್ತದೆ.

ನೀರಿನ ಪಿಎಚ್ 5ರ ಆಸುಪಾಸು ಇರಬೇಕು, ಅಂದರೆ ಸ್ವಲ್ಪ ಹುಳಿ. 6 ಲೀಟರಿಗೆ ಎರಡು ದೊಡ್ಡ ಚಮಚ ವಿನೆಗರ್‌ನಿಂದ ಶುರು ಮಾಡಿ ಪಟ್ಟಿ ಅದ್ದಿ ನೋಡಿ, ಸಾಲದಿದ್ದರೆ ಇನ್ನೊಂದು ಚಮಚ. ಬೋರ್‌ವೆಲ್ ನೀರಾದರೆ ಲೆಕ್ಕ ತಪ್ಪುತ್ತದೆ. ಗಡಸು ನೀರು ವಿನೆಗರನ್ನು ನುಂಗಿಹಾಕುತ್ತದೆ, ಜೊತೆಗೆ ಬಣ್ಣದ ಪುಡಿ ಗಂಟುಕಟ್ಟಿ ಬಟ್ಟೆಯ ಮೇಲೆ ಚುಕ್ಕೆ ಬೀಳುತ್ತದೆ. ನಲ್ಲಿಯ ಕಾವೇರಿ ನೀರು, ಮಳೆ ನೀರು, ಅದೂ ಇಲ್ಲದಿದ್ದರೆ ಫಿಲ್ಟರ್ ನೀರು ಬಳಸಿ. ಆರು ಲೀಟರ್ ತಾನೇ.

ಈಗ ಕೆಲಸಕ್ಕೆ

ಬಟ್ಟೆಯನ್ನು ಮೊದಲು ಡಿಟರ್ಜೆಂಟ್ ಹಾಕಿ 60 ಡಿಗ್ರಿ ಬಿಸಿನೀರಿನಲ್ಲಿ ತೊಳೆಯಿರಿ. ಹೊಸ ಬಟ್ಟೆಯಲ್ಲಿ ಮಗ್ಗದ ಎಣ್ಣೆ, ಗಂಜಿ, ಹಳೆಯದರಲ್ಲಿ ಬೆವರು, ಕಂಫರ್ಟ್ ಥರದ ಸಾಫ್ಟ್‌ನರ್‌ನ ಪದರ ಇರುತ್ತದೆ. ಅವೆಲ್ಲ ಹೋಗದೆ ಬಣ್ಣ ಸಮನಾಗಿ ಕೂರುವುದಿಲ್ಲ. ಡಿಟರ್ಜೆಂಟ್ ಪೂರ್ತಿ ಹೋಗುವ ಹಾಗೆ ಜಾಲಿಸಿ. ಕಲೆ ಇದ್ದರೆ ಬಣ್ಣ ಅದನ್ನು ಮುಚ್ಚುತ್ತದೆ ಅಂದುಕೊಳ್ಳಬೇಡಿ, ಎಣ್ಣೆ ಕಲೆ ಬಣ್ಣ ಹಾಕಿದ ಮೇಲೆ ಇನ್ನೂ ಎದ್ದು ಕಾಣುತ್ತದೆ.

ಪುಡಿಯನ್ನು ಮಾಸ್ಕ್ ಹಾಕಿಕೊಂಡೇ ತೂಗಿ. ಉಗುರುಬೆಚ್ಚಗಿನ ನೀರು ಸ್ವಲ್ಪ ಸ್ವಲ್ಪ ಹಾಕಿ ಮೊದಲು ಪೇಸ್ಟ್ ಮಾಡಿ, ಆಮೇಲೆ ಒಂದು ಲೋಟ ನೀರು ಸೇರಿಸಿ ತೆಳ್ಳಗೆ ಮಾಡಿ. ಕುದಿಯುವ ನೀರು ಸುರಿಯಬೇಡಿ, ಪುಡಿ ಮುದ್ದೆಯಾಗುತ್ತದೆ. ಹಳೆಯ ನೈಲಾನ್ ಸಾಕ್ಸ್ ಅಥವಾ ಎರಡು ಪದರ ತೆಳು ಬಟ್ಟೆಯಲ್ಲಿ ಸೋಸಿ ಪಾತ್ರೆಗೆ ಹಾಕಿ. ಸೋಸುವುದು ಬೇಜಾರಿನ ಕೆಲಸ ಅಂತ ಬಿಡಬೇಡಿ, ಒಂದು ಕಾಳಿನಷ್ಟು ಗಂಟು ದುಪಟ್ಟಾದ ನಟ್ಟನಡುವೆ ಕೂತರೆ ಅದನ್ನು ತೆಗೆಯಲು ಆಗುವುದಿಲ್ಲ.

ಪಾತ್ರೆಯ ನೀರು 50 ಡಿಗ್ರಿ ಇರುವಾಗ, ಚೆನ್ನಾಗಿ ನೆನೆಸಿ ಹಿಂಡಿದ ಬಟ್ಟೆಯನ್ನು ಬಿಡಿಸಿ ಇಳಿಬಿಡಿ. ಮುದ್ದೆ ಮಾಡಿ ಹಾಕಬೇಡಿ. ಸಾಧ್ಯವಿದ್ದರೆ ಅದೇ ಬಟ್ಟೆಯ ಅಂಗೈ ಅಗಲದ ಎರಡು ಮೂರು ತುಂಡುಗಳನ್ನೂ ಜೊತೆಗೆ ಹಾಕಿ, ನಡುನಡುವೆ ತೆಗೆದು ನೋಡಲು ಬರುತ್ತದೆ. ಇನ್ನು ಬಿಸಿ ಏರಿಸುವುದು, ನಿಧಾನವಾಗಿ. ನಿಮಿಷಕ್ಕೆ ಎರಡು ಡಿಗ್ರಿಗಿಂತ ಜಾಸ್ತಿ ಏರದ ಹಾಗೆ ಉರಿ ಇಟ್ಟುಕೊಳ್ಳಿ. 80 ಡಿಗ್ರಿಯವರೆಗೆ ಏನೂ ಆಗುತ್ತಿಲ್ಲ ಅನ್ನಿಸುತ್ತದೆ, ಬಟ್ಟೆ ತೆಳ್ಳಗಿನ ಬಣ್ಣದಲ್ಲೇ ಇರುತ್ತದೆ. 80 ದಾಟಿದ ಮೇಲೆ ನೋಡನೋಡುತ್ತಲೇ ಬಣ್ಣ ಏರುತ್ತದೆ. ಈ 80 ರಿಂದ ಕುದಿಯುವವರೆಗಿನ ಹೊತ್ತೇ ಮುಖ್ಯ. ಫೋನ್ ಬದಿಗಿಟ್ಟು ನಿಂತು ಕೈಯಾಡಿಸಿ, ಮೇಲಿನ ಮಡಿಕೆ ಕೆಳಗೆ, ಕೆಳಗಿನದು ಮೇಲೆ, ಬಿಡುವಿಲ್ಲದೆ. ಎಲ್ಲೋ ಮಡಿಕೆ ಕೂತು ಬಿಸಿ ತಲುಪದಿದ್ದರೆ ಅಲ್ಲಿ ಬಿಳಿ ಪಟ್ಟೆ ಉಳಿಯುತ್ತದೆ.

ಕುದಿ ಬಂದ ಮೇಲೆ ಮುಚ್ಚಳ ಹಾಕಿ, ಮೂರು ನಾಲ್ಕು ನಿಮಿಷಕ್ಕೊಮ್ಮೆ ತೆಗೆದು ಕದಡುತ್ತಾ, ತಿಳಿ ಬಣ್ಣಕ್ಕೆ 45 ನಿಮಿಷ, ಮಧ್ಯಮಕ್ಕೆ ಒಂದು ಗಂಟೆ, ಡಾರ್ಕ್ ಆದರೆ ಒಂದೂವರೆ ಗಂಟೆಯವರೆಗೂ ಇಡಬಹುದು. ಬಣ್ಣ ಬಂತಲ್ಲ ಅಂತ ಇಪ್ಪತ್ತು ನಿಮಿಷಕ್ಕೇ ತೆಗೆದರೆ ಅದು ಎಳೆಯ ಹೊರಮೈಯಲ್ಲೇ ಇರುತ್ತದೆ, ಎರಡು ಸಲ ಒಗೆದರೆ ಹೋಗುತ್ತದೆ. ತುಂಡು ತೆಗೆದು ನೋಡುವಾಗ ಅದನ್ನು ತೊಳೆದು ಇಸ್ತ್ರಿ ಹಾಕಿ ಒಣಗಿಸಿ ನೋಡಿ, ಒದ್ದೆ ಬಟ್ಟೆಯ ಬಣ್ಣ ಯಾವಾಗಲೂ ಒಂದು ಪಟ್ಟು ಡಾರ್ಕ್ ಕಾಣುತ್ತದೆ.

ಆಮೇಲೆ ಉರಿ ಆರಿಸಿ, ಪಾತ್ರೆಯನ್ನು ಹಾಗೇ ಬಿಡಿ. ಇಲ್ಲಿ ಅವಸರ ಮಾಡಿ ಕುದಿಯುವ ಬಟ್ಟೆಯನ್ನು ನಲ್ಲಿ ಕೆಳಗೆ ಹಿಡಿದವರ ಬಟ್ಟೆ ನೋಡಿದರೆ ಗೊತ್ತಾಗುತ್ತದೆ, ಮೈತುಂಬ ಕೋಳಿಕಾಲಿನಂಥ ಸುಕ್ಕು, ಎಷ್ಟು ಇಸ್ತ್ರಿ ಹಾಕಿದರೂ ಹೋಗುವುದಿಲ್ಲ. ಬಿಸಿಯಲ್ಲಿ ಸಡಿಲವಾಗಿದ್ದ ಎಳೆ ತಣ್ಣೀರು ಬಿದ್ದ ಕೂಡಲೇ ಯಾವ ಆಕಾರದಲ್ಲಿತ್ತೋ ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. 60 ಡಿಗ್ರಿಗೆ ಇಳಿಯುವವರೆಗೆ ಆಗಾಗ ಕದಡುತ್ತಾ ಕಾಯಿರಿ.

ತೊಳೆಯುವುದನ್ನು ಲಘುವಾಗಿ ತೆಗೆದುಕೊಳ್ಳಬೇಡಿ

ಬಣ್ಣ ಹಾಕಿದ ಬಟ್ಟೆಯ ಮೇಲೆ ಒಳಗೆ ಹೋಗದ ಪುಡಿ ಇನ್ನೂ ಕೂತಿರುತ್ತದೆ. ಅದೇ ಮುಂದೆ ಕುತ್ತಿಗೆಗೆ, ಕಂಕುಳಿಗೆ, ಬಿಳಿ ಸೋಫಾಗೆ ಅಂಟುವುದು. ಗಿರಣಿಗಳಲ್ಲಿ ಕಾಸ್ಟಿಕ್ ಸೋಡಾ ಮತ್ತು ಹೈಡ್ರೋಸಲ್ಫೈಟ್ ಹಾಕಿ 70-80 ಡಿಗ್ರಿಯಲ್ಲಿ ತೊಳೆದು ಅದನ್ನು ನಾಶ ಮಾಡುತ್ತಾರೆ. ಮನೆಯಲ್ಲಿ ಕಾಸ್ಟಿಕ್ ಸೋಡಾದ ಸಹವಾಸ ಬೇಡ, ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಬದಲಿಗೆ 60 ಡಿಗ್ರಿ ನೀರಿಗೆ ಡಿಟರ್ಜೆಂಟ್ ಮತ್ತು ಒಂದು ಚಮಚ ವಾಷಿಂಗ್ ಸೋಡಾ ಹಾಕಿ 15 ನಿಮಿಷ ಆಡಿಸಿ, ನೀರು ಚೆಲ್ಲಿ ಮತ್ತೆ ಹಾಗೇ ಮಾಡಿ. ನೀರು ತಿಳಿಯಾಗುವವರೆಗೆ. ಕ್ಯಾರಿಯರ್ ಬಳಸಿದ್ದರೆ ವಾಸನೆ ಪೂರ್ತಿ ಹೋಗುವವರೆಗೆ ತೊಳೆದು ಗಾಳಿಗೆ ಹಾಕಿ, ವಾಸನೆ ಇರುವ ಬಟ್ಟೆ ತೊಡಬೇಡಿ.

ಬಿಳಿ ಹತ್ತಿ ಬಟ್ಟೆ ಒದ್ದೆ ಮಾಡಿ ಜೋರಾಗಿ ಉಜ್ಜಿ ನೋಡಿ. ಬಣ್ಣ ಬಂದರೆ ಇನ್ನೊಮ್ಮೆ ತೊಳೆಯಬೇಕು. ಇಸ್ತ್ರಿಯಲ್ಲೂ ಒಂದು ಪರೀಕ್ಷೆ ಮಾಡಬೇಕು. ಬಣ್ಣದ ತುಂಡಿನ ಮೇಲೆ ಬಿಳಿ ಪಾಲಿಯೆಸ್ಟರ್ ತುಂಡು ಇಟ್ಟು, ನೀವು ದಿನಾ ಹಾಕುವ ಬಿಸಿಯಲ್ಲಿ ಒತ್ತಿ. ಡಿಸ್ಪರ್ಸ್ ಡೈಗಳಲ್ಲಿ ಕೆಲವು ಬಿಸಿಗೆ ಆವಿಯಾಗಿ ಪಕ್ಕದ ಬಟ್ಟೆಗೆ ಹಾರುತ್ತವೆ. ಟೀ ಶರ್ಟ್, ಕಪ್ ಮೇಲೆ ಫೋಟೊ ಒತ್ತಿಸುವ ಸಬ್ಲಿಮೇಶನ್ ಪ್ರಿಂಟ್ ನಡೆಯುವುದೇ ಈ ಗುಣದಿಂದ. ನಿಮ್ಮ ತುಂಡು ಬಣ್ಣ ಬಿಟ್ಟರೆ ಮುಂದೆ ಕಡಿಮೆ ಬಿಸಿಯಲ್ಲಿ, ಬೇರೆಯಾಗಿ ಇಸ್ತ್ರಿ ಹಾಕಿ.

ಬಣ್ಣ ಅಲ್ಲಲ್ಲಿ ತೆಳುವಾಗಿದ್ದರೆ ಅದೇ ಬಣ್ಣದ ಹೊಸ ನೀರು ಮಾಡಿ, ಪುಡಿ ಅರ್ಧ ಹಾಕಿ, ಮತ್ತೆ ಒಂದು ಗಂಟೆ ಕುದಿಸಿ. ಕುದಿಯುವಾಗ ಬಣ್ಣ ದಟ್ಟವಿರುವ ಕಡೆಯಿಂದ ತೆಳುವಿರುವ ಕಡೆಗೆ ಸ್ವಲ್ಪ ಸರಿಯುತ್ತದೆ, ಬಹಳಷ್ಟು ಸರಿಹೋಗುತ್ತದೆ. ಆಗದಿದ್ದರೆ ಒಂದು ಹಂತ ಡಾರ್ಕ್ ಬಣ್ಣಕ್ಕೆ ಹೋಗುವುದೇ ಉಪಾಯ. ಬ್ಲೀಚ್ ಹಾಕಿ ತೆಗೆಯುತ್ತೇನೆ ಅನ್ನಬೇಡಿ, ಎಳೆಯೊಳಗೆ ಹೋದ ಬಣ್ಣಕ್ಕೆ ಮನೆಯ ಬ್ಲೀಚ್ ತಾಗುವುದಿಲ್ಲ. ಇದೇ ಕಾರಣಕ್ಕೆ ಡಾರ್ಕ್ ಬಟ್ಟೆಯನ್ನು ತಿಳಿ ಮಾಡಲು ಆಗುವುದಿಲ್ಲ, ಹಳದಿಯ ಮೇಲೆ ನೀಲಿ ಹಾಕಿದರೆ ಹಸಿರೇ ಬರುತ್ತದೆ.

ನೈಲಾನ್, ಅಕ್ರಿಲಿಕ್ ಇದ್ದರೆ

ಪರೀಕ್ಷೆಯಲ್ಲಿ ನೈಲಾನ್ ಅಂತ ಗೊತ್ತಾದರೆ ನಿಮ್ಮ ಕೆಲಸ ಅರ್ಧಕ್ಕರ್ಧ ಕಡಿಮೆ. ರೇಷ್ಮೆಗೆ ಹಾಕುವ ಆ್ಯಸಿಡ್ ಡೈ ಇದಕ್ಕೂ ನಡೆಯುತ್ತದೆ, ವಿನೆಗರ್ ಹಾಕಿದ 85-90 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಸಾಕು. ಬಣ್ಣ ಎಷ್ಟು ಬೇಗ ಹಿಡಿಯುತ್ತದೆ ಅಂದರೆ ಮೊದಲು ಮುಟ್ಟಿದ ಜಾಗವೇ ಎಲ್ಲ ಎಳೆದುಕೊಳ್ಳುತ್ತದೆ, ಹಾಗಾಗಿ ತಣ್ಣೀರಿನಿಂದ ಶುರು ಮಾಡಿ, ವಿನೆಗರನ್ನು ಎರಡು ಮೂರು ಸಲಕ್ಕೆ ಹಂಚಿ ಹಾಕಿ. ಮಕ್ಕಳ ಜೊತೆ ಮಾಡುವುದಾದರೆ ಅಡುಗೆಯ ಫುಡ್ ಕಲರ್ ಕೂಡ ನೈಲಾನ್‌ಗೆ ಹಿಡಿಯುತ್ತದೆ, ಆದರೆ ಒಗೆತಕ್ಕೆ ಅಷ್ಟು ಬಾಳಿಕೆ ಇಲ್ಲ. ಸ್ವೆಟರ್‌ಗಳ ಅಕ್ರಿಲಿಕ್‌ಗೆ ಕ್ಯಾಟಯಾನಿಕ್ ಡೈ ಅನ್ನುವ ಇನ್ನೊಂದು ಜಾತಿಯ ಬಣ್ಣ ಬೇಕು, ಅದನ್ನು ಸಮನಾಗಿ ಕೂರಿಸುವುದು ಕಷ್ಟ, ಮನೆಯಲ್ಲಿ ಮಾಡಿ ಅಂತ ನಾನು ಹೇಳುವುದಿಲ್ಲ. ಡಿಸ್ಪರ್ಸ್ ಡೈಯಲ್ಲಿ ಅಕ್ರಿಲಿಕ್‌ಗೆ ತಿಳಿ ಬಣ್ಣವಾದರೂ ಬರುತ್ತದೆ, ಅಷ್ಟು ಸಾಕಾದರೆ ಪ್ರಯತ್ನಿಸಿ. ಪಾಲಿಪ್ರೊಪಿಲೀನ್, ಅಂದರೆ ಕೈಚೀಲದ ನಾನ್ ವೋವನ್ ಬಟ್ಟೆ, ಮನೆಯ ಯಾವ ಬಣ್ಣಕ್ಕೂ ಜಗ್ಗುವುದಿಲ್ಲ.

ಉಳಿದ ನೀರಿನ ವಿಷಯ

ಇದನ್ನು ಹೇಳದೆ ಇರಲಾರೆ. ತಮಿಳುನಾಡಿನ ತಿರುಪ್ಪೂರಿನಲ್ಲಿ ಡೈಯಿಂಗ್ ನೀರು ನೊಯ್ಯಲ್ ನದಿಗೆ ಸೇರಿ ಹೊಲಗಳೇ ಹಾಳಾಗಿ, 2011ರಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಡೈಯಿಂಗ್ ಘಟಕಗಳನ್ನು ಮುಚ್ಚಿಸುವ ಮಟ್ಟಕ್ಕೆ ಹೋಯಿತು. ನಮ್ಮದು ಒಂದು ಪಾತ್ರೆ ನೀರು ಅಷ್ಟೇ, ನಿಜ. ಆದರೂ ಅದು ಬಾವಿ ಕಟ್ಟೆಯ ಪಕ್ಕ, ಗಿಡದ ಬುಡಕ್ಕೆ, ಮಳೆನೀರಿನ ಚರಂಡಿಗೆ ಹೋಗಬಾರದು. ಚರಂಡಿ ಕೆರೆಗೆ ಸೇರುತ್ತದೆ, ಒಳಚರಂಡಿಯಾದರೆ ಶುದ್ಧೀಕರಣ ಘಟಕದ ದಾರಿ ಹಿಡಿಯುತ್ತದೆ. ಅದಕ್ಕೇ ತಣ್ಣಗಾದ ಮೇಲೆ ಸ್ವಲ್ಪ ಅಡುಗೆ ಸೋಡಾ ಹಾಕಿ ಹುಳಿ ಕಳೆದು ಟಾಯ್ಲೆಟ್‌ಗೆ ಸುರಿಯಿರಿ. ಸೆಪ್ಟಿಕ್ ಟ್ಯಾಂಕ್ ಇರುವ ಮನೆಯವರು ಕ್ಯಾರಿಯರ್ ಬಳಸದಿರುವುದೇ ಒಳ್ಳೆಯದು. ಬಣ್ಣ ಕಡಿಮೆ ಚೆಲ್ಲಬೇಕು ಅಂದರೆ ಲೆಕ್ಕದಷ್ಟೇ ಪುಡಿ ಹಾಕಿ, ಪೂರ್ತಿ ಹೊತ್ತು ಕುದಿಸಿ. ತಿಳಿ ಬಣ್ಣಕ್ಕೆ ಸರಿಯಾಗಿ ಕುದಿಸಿದರೆ ಕೊನೆಗೆ ಪಾತ್ರೆಯ ನೀರಿನಲ್ಲಿ ಬಣ್ಣ ಹೆಚ್ಚು ಉಳಿದಿರುವುದಿಲ್ಲ. ನೀರು ಇನ್ನೂ ದಟ್ಟವಾಗಿಯೇ ಇದ್ದರೆ ಚೆಲ್ಲಬೇಡಿ, ಎರಡನೇ ಬಟ್ಟೆಯೊಂದನ್ನು ಅದೇ ನೀರಿಗೆ ಹಾಕಿ, ತಿಳಿ ಬಣ್ಣ ಪುಕ್ಕಟೆಯಾಗಿ ಸಿಗುತ್ತದೆ.